ಯುಗಾದಿ ಊಟಕ್ಕೆ ಯಾರ ಎಲೆ? ಅಧ್ಯಾಪಕರ ಕ್ಲಬ್ಬಿನ ಮಾರ್ಚ್ ತಿಂಗಳ ಕಾರ್ಯಕ್ರಮಗಳು, ಒಂದು ಚರ್ಚೆ

ಕ್ಲಬ್ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನಮ್ಮ ವಿಶ್ವವಿದ್ಯಾಲಯದ ಅಧ್ಯಾಪಕರ ಕ್ಲಬ್ಬಿನ ಮುಂದಿನ ಕಾರ್ಯಕ್ರಮಗಳು ಹೀಗಿವೆ. 2026ರ ಮಾರ್ಚ್ 8, ಭಾನುವಾರ ಸಂಜೆ ಐದಕ್ಕೆ ಮಹಿಳಾ ದಿನದ ಚಹಾಕೂಟ. ಮಾರ್ಚ್ 21, ಶನಿವಾರ ಮಧ್ಯಾಹ್ನ ಯುಗಾದಿ ಔತಣ. ಕ್ಲಬ್ಬಿನ ಹಿಂದಿನ ಹೊಂಗೆ ಮರಗಳ ಕೆಳಗೆ ಬಾಳೆಲೆ ಊಟ. ಮಾರ್ಚ್ 30, ಸೋಮವಾರ ಸಂಜೆ ಈ ತಿಂಗಳು ನಿವೃತ್ತರಾಗುವ ಮೂವರಿಗೆ ಬೀಳ್ಕೊಡುಗೆ. ಏಪ್ರಿಲ್‌ನಿಂದ ಮೌಲ್ಯಮಾಪನದ ದಿನಗಳಲ್ಲಿ ಮಧ್ಯಾಹ್ನದ ಊಟ 12.30ರಿಂದ 2.30ರವರೆಗೆ ಇರುತ್ತದೆ.

ಯುಗಾದಿ ಊಟದ ಪಟ್ಟಿ: ಬೇವು ಬೆಲ್ಲ, ಹೆಸರುಬೇಳೆ ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಚಿತ್ರಾನ್ನ, ಆಂಬೊಡೆ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಅನ್ನ, ಮಜ್ಜಿಗೆ. ಸದಸ್ಯರಿಗೆ, ಅವರ ಮನೆಯವರಿಗೆ ತಲಾ 250 ರೂಪಾಯಿ. ಸದಸ್ಯರಲ್ಲದವರು ಸದಸ್ಯರೊಬ್ಬರ ಜೊತೆಗೇ ಬರಬೇಕು, ಅವರಿಗೆ 450. ಸಲಹೆಗಳಿದ್ದರೆ 10ನೇ ತಾರೀಖಿನ ಒಳಗೆ ಇಲ್ಲೇ ಬರೆಯಿರಿ.

ಗಣಿತದ ಮೇಷ್ಟ್ರು:
ಪಟ್ಟಿ ನೋಡಿ ಸಂತೋಷವಾಯಿತು. ನನ್ನ ಬೇಡಿಕೆ ಒಂದೇ: ಒಬ್ಬಟ್ಟನ್ನು ಹೊರಗಿನಿಂದ ತರಿಸಬೇಡಿ. ಹೋದ ವರ್ಷ ಡಬ್ಬಿಯಲ್ಲಿ ತಣ್ಣಗೆ ಬಂತು, ಹೂರಣ ಒಂದು ಕಡೆ, ಕಣಕ ಒಂದು ಕಡೆ. ಒಬ್ಬಟ್ಟು ಹಂಚಿನಿಂದ ಎಲೆಗೆ ಬರಬೇಕು, ಅದರ ಮೇಲೆ ತುಪ್ಪ ಬೀಳಬೇಕು. ಇನ್ನೊಂದು ವಿಷಯ, ಇಲ್ಲೇ ಬೇಳೆ ಬೇಯಿಸಿ ಬಸಿದರೆ ತಾನೇ ಕಟ್ಟು ಸಿಗುವುದು? ಒಬ್ಬಟ್ಟು ಹೊರಗಿನಿಂದ ಬಂದರೆ ಸಾರು ಬರೀ ಹೆಸರಿಗೆ ಒಬ್ಬಟ್ಟಿನ ಸಾರಾಗುತ್ತದೆ. 62 ತುಂಬಿ ಈ ತಿಂಗಳ ಕೊನೆಗೆ ಹೊರಡುವವನು ನಾನು. ಈ ಆವರಣದಲ್ಲಿ ಇದು ನನ್ನ ಕೊನೆಯ ಯುಗಾದಿ ಊಟ, ಅದಕ್ಕೇ ಇಷ್ಟು ಆಸೆ.

ಕೊಪ್ಪಳದವ:
ಸರ್ ಹೇಳಿದ್ದು ಖರೆ ಐತಿ. ಆದ್ರ ನಿಮ್ಮ ಕಡೆ ಒಬ್ಬಟ್ಟಿಗೆ ತೊಗರಿಬ್ಯಾಳಿ, ನಮ್ಮ ಕಡೆ ಹೋಳಿಗಿಗೆ ಕಡ್ಲಿಬ್ಯಾಳಿ. ಸಾಧ್ಯ ಆದ್ರ ಎರಡೂ ಮಾಡ್ಸ್ರಿ. ಬೇವು ಬೆಲ್ಲ ಅಂತ ಒಂದು ಚಿಟಿಕಿ ಕೈಯಾಗ ಇಡೋದಲ್ಲ ನಮ್ಮಲ್ಲಿ. ಕುಡಿಯೋ ಬೇವು ಮಾಡ್ತಾರ. ನೀರಾಗ ಬೆಲ್ಲ ಕರಗಿಸಿ, ಬೇವಿನ ಹೂವು, ತುರಿದ ಮಾವಿನಕಾಯಿ, ಪುಠಾಣಿ ಹಿಟ್ಟು, ಒಣದ್ರಾಕ್ಷಿ, ಗೋಡಂಬಿ ಹಾಕಿ ಕೊಡಪಾನ ತುಂಬ ಮಾಡಿ, ಮನಿಗೆ ಬಂದವ್ರಿಗೆಲ್ಲ ವಾಟಗಾ ತುಂಬ ಕೊಡ್ತಾರ. ಬಿಸಲಾಗ ನಡದು ಬಂದವ್ರಿಗೆ ಅದರಷ್ಟು ತಂಪು ಇನ್ನೊಂದಿಲ್ಲ. ಸಂಶೋಧನಾ ವಿದ್ಯಾರ್ಥಿ ಆಗಿ ಐದು ವರ್ಷ ಆತು, ಈ ಊರಾಗ ಒಮ್ಮೆನೂ ಕುಡದಿಲ್ಲ. ನಮಗ ಕ್ಲಬ್ಬಿನಾಗ ಪ್ರವೇಶ ಇಲ್ಲ ಅನ್ನೋದು ಗೊತ್ತೈತಿ, ಆದ್ರೂ ಹೇಳಬೇಕು ಅನಿಸ್ತು.

ರಸಾಯನಶಾಸ್ತ್ರದಿಂದ:
ಕಾರ್ಯದರ್ಶಿಗಳೇ, ದಿನಾಂಕದ ಬಗ್ಗೆ ಒಂದು ಮಾತು. ಯುಗಾದಿ ಈ ಸಲ 19, ಗುರುವಾರ. ಆ ಹೊತ್ತಿಗೆ ನಮ್ಮ ರಂಜಾನ್ ತಿಂಗಳೂ ಕೊನೆಗೆ ಬಂದಿರುತ್ತದೆ. ಚಂದ್ರ ಕಾಣುವುದನ್ನು ನೋಡಿಕೊಂಡು ಈದ್ 20 ಅಥವಾ 21. ನೀವು ಇಟ್ಟಿರುವ ಶನಿವಾರ ನಮಗೆ ಹಬ್ಬದ ದಿನವೇ ಆಗಬಹುದು. ಬೆಳಿಗ್ಗೆ ನಮಾಜು, ಆಮೇಲೆ ನೆಂಟರ ಮನೆ, ಊರಿಗೆ ಹೋಗುವವರು ಊರಿಗೆ. ಹನ್ನೆರಡು ವರ್ಷದಿಂದ ನಾನು ಯುಗಾದಿ ಊಟ ತಪ್ಪಿಸಿಲ್ಲ. ಮೇಷ್ಟ್ರು ಹೇಳಿದ ಕಟ್ಟಿನ ಸಾರಿನ ರುಚಿ ನನಗೆ ಅವರ ಮನೆಯಲ್ಲೇ ಹತ್ತಿದ್ದು. ಒಂದು ದಿನ ಮುಂದೆ ಹಾಕಿ, 22 ಭಾನುವಾರ ಇಟ್ಟುಕೊಂಡರೆ ನಾವೂ ಬರುತ್ತೇವೆ. ಮನೆಯಿಂದ ಶೀರ್‌ಖುರ್ಮಾ ತರುತ್ತೇನೆ, ಒಬ್ಬಟ್ಟಿನ ಪಕ್ಕದಲ್ಲೇ ಬಡಿಸಿ.

ಮಂಡ್ಯದವಳು:
22ಕ್ಕೆ ನನ್ನ ಪೂರ್ತಿ ಒಪ್ಪಿಗೆ. ಒಂದು ಮಾತು ಸೇರಿಸುತ್ತೇನೆ, ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ನಮ್ಮ ಮಂಡ್ಯ, ಮೈಸೂರು, ರಾಮನಗರದ ಹಳ್ಳಿಗಳಲ್ಲಿ ಯುಗಾದಿ ಎಂದರೆ ಎರಡು ದಿನ. ಮೊದಲ ದಿನ ಒಬ್ಬಟ್ಟು, ಮಾರನೇ ದಿನ ಹೊಸತೊಡಕು. ಹೊಸತೊಡಕಿಗೆ ಬಾಡೂಟ ಆಗದಿದ್ದರೆ ವರ್ಷ ಶುರುವಾದ ಹಾಗೇ ಅನ್ನಿಸುವುದಿಲ್ಲ. ಈ ಸಲ ಮಾರನೇ ದಿನ ಶುಕ್ರವಾರ ಬಂದಿದೆ. ಶುಕ್ರವಾರ ಬಾಡು ತಿನ್ನದ ಮನೆಗಳು ಬಹಳ, ಹಾಗಾಗಿ ಎಷ್ಟೋ ಕಡೆ ಭಾನುವಾರಕ್ಕೇ ಮುಂದೂಡುತ್ತಾರೆ. ಅಂದಮೇಲೆ 22ರಂದು ಕ್ಲಬ್ಬಿನಲ್ಲಿ ಒಬ್ಬಟ್ಟಿನ ಜೊತೆಗೆ ಮುದ್ದೆ, ಬಾಡಿನ ಸಾರನ್ನೂ ಏಕೆ ಮಾಡಬಾರದು? ಕ್ಲಬ್ಬಿನ ಹಬ್ಬದೂಟ ಎಂದರೆ ಯಾವಾಗಲೂ ಒಂದೇ ಬಗೆಯ ಮನೆಗಳ ಊಟ ಎಂದು ನಾವು ಬಹಳ ಜನ ಒಳಗೊಳಗೇ ಅಂದುಕೊಂಡಿದ್ದೇವೆ. ಹೇಳಿಲ್ಲ, ಅಷ್ಟೇ.

ಗಣಿತದ ಮೇಷ್ಟ್ರು:
ಮಗಳೇ, ನೀನು ಹೇಳಿದ್ದನ್ನು ಸುಮ್ಮನೆ ತಳ್ಳಿಹಾಕುವವನಲ್ಲ ನಾನು. ಆದರೆ ನನ್ನಂಥವನ ಕಷ್ಟವನ್ನೂ ಕೇಳು. ಹುಟ್ಟಿದಾರಭ್ಯ ಮಾಂಸದ ವಾಸನೆ ಇರುವಲ್ಲಿ ಉಂಡವನಲ್ಲ. ಅದು ಯಾರ ಮೇಲಿನ ತಾತ್ಸಾರವೂ ಅಲ್ಲ, ಮೈಗೆ ಹತ್ತಿದ ಅಭ್ಯಾಸ. ನಮ್ಮ ವಿಷಯದವರೇ ಆದ ರಾಮಾನುಜನ್ 1914ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಹೋದರಲ್ಲ, ಅಲ್ಲಿ ಎಲ್ಲರೂ ಒಟ್ಟಿಗೆ ಉಣ್ಣುವ ಹಾಲ್‌ಗೆ ಅವರು ಹೋಗುತ್ತಿರಲಿಲ್ಲ. ಸಸ್ಯಾಹಾರದ ಕಟ್ಟುನಿಟ್ಟಿನವರು, ಕೋಣೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಯುದ್ಧದ ವರ್ಷಗಳಲ್ಲಿ ತರಕಾರಿ ಸಿಗುವುದೂ ಕಷ್ಟವಾಯಿತು. ಆ ಚಳಿಯಲ್ಲಿ ಒಬ್ಬರೇ ಕೂತು ಉಂಡರಲ್ಲ ಎಂದು ನೆನೆದಾಗಲೆಲ್ಲ ಸಂಕಟವಾಗುತ್ತದೆ. ಒಂದು ಮೇಜಿನ ಊಟ ಒಬ್ಬರಿಗೆ ಒಗ್ಗದಿದ್ದರೆ ಅವರು ಮೇಜನ್ನೇ ಬಿಡುತ್ತಾರೆ. ನಾನು ಹೇಳುವುದು ಇಷ್ಟೇ.

ಮಂಡ್ಯದವಳು:
ಸರ್, ನೀವು ಹೇಳಿದ್ದೇ ನನ್ನ ಮಾತೂ ಹೌದು. ಇಷ್ಟು ವರ್ಷ ಆ ಮೇಜನ್ನು ಬಿಟ್ಟವರು ನಾವು. ನನ್ನ ಅಪ್ಪ ಅಮ್ಮ ಒಂದು ಸಲ ಕ್ಲಬ್ಬಿನ ಊಟಕ್ಕೆ ಬಂದವರು, ಮತ್ತೆ ಬರಲಿಲ್ಲ. ಊಟ ಚೆನ್ನಾಗಿತ್ತು, ಆದರೆ ಅದು ಅವರ ಹಬ್ಬವಾಗಿರಲಿಲ್ಲ. ನಿಮ್ಮ ಎಲೆಯ ಪಕ್ಕ ಬಾಡು ಬಡಿಸಿ ಎಂದು ನಾನು ಕೇಳುತ್ತಿಲ್ಲ. ಹೊಂಗೆ ಮರಗಳ ಕೆಳಗೆ ನಿಮ್ಮ ಸಾಲು, ಆಚೆ ಬ್ಯಾಡ್ಮಿಂಟನ್ ಅಂಗಳದ ಪಕ್ಕ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು. ಒಬ್ಬಟ್ಟು ತಿನ್ನಲು ನಾವು ಈಚೆಗೆ ಬರುತ್ತೇವೆ.

ನಮ್ಮೂರಿನಲ್ಲಿ ಹೊಸತೊಡಕಿಗೆ ಗುಡ್ಡೆ ಮಾಂಸ ಹಾಕುತ್ತಾರೆ. ನಾಲ್ಕಾರು ಮನೆಯವರು ಸೇರಿ ಕುರಿ ತಂದು ಕುಯ್ದು, ಮಾಂಸವನ್ನು ಒಂದೇ ಅಳತೆಯ ಗುಡ್ಡೆ ಮಾಡಿ ಹಂಚಿಕೊಳ್ಳುವುದು. ಎಲುಬು, ಈಲಿ, ಬೋಟಿ, ಚರ್ಬಿ ಎಲ್ಲವೂ ಪ್ರತಿ ಗುಡ್ಡೆಗೂ ಅಷ್ಟಷ್ಟು ಬೀಳಬೇಕು. ಗೌಡರ ಮನೆಗೆ ತೊಡೆ, ಕೂಲಿಯವನ ಮನೆಗೆ ಎಲುಬು ಎನ್ನುವಂತಿಲ್ಲ. ದುಡ್ಡು ಸಾಲದವರು ವರ್ಷವಿಡೀ ಚೀಟಿ ಕಟ್ಟಿ ಪಾಲು ತೆಗೆದುಕೊಳ್ಳುತ್ತಾರೆ. ಆ ಸಮಪಾಲು ನೋಡಿ ಬೆಳೆದವಳು ನಾನು.

ಬರ್ಕ್ಲಿಯಲ್ಲಿರುವ ಹಳೇ ವಿದ್ಯಾರ್ಥಿ:
ದೂರದ ಅಮೆರಿಕದಿಂದ ಓದುತ್ತಿದ್ದೇನೆ, ಹೊಟ್ಟೆ ಹಸಿಯುತ್ತಿದೆ. ಮಾಂಸದ ಚರ್ಚೆಗೆ ಒಂದು ಸಂಗತಿ. ಹಾರ್ವರ್ಡ್ ಅಧ್ಯಾಪಕರ ಕ್ಲಬ್ಬಿನಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ದನದ ಮಾಂಸಕ್ಕೆ ಪಡಿತರ ಬಂದಾಗ ಕುದುರೆ ಮಾಂಸ ಊಟದ ಪಟ್ಟಿಗೆ ಸೇರಿತು. ಯುದ್ಧ ಮುಗಿದ ಮೇಲೂ ಹೋಗಲಿಲ್ಲ, 1980ರ ದಶಕದವರೆಗೂ ಇತ್ತು. ಕ್ಲಬ್ಬಿನ ‘ಸಂಪ್ರದಾಯ’ ಎಂದು ನಾವು ಕರೆಯುವುದು ಎಷ್ಟೋ ಸಲ ಯಾವುದೋ ಒಂದು ಕಾಲದ ಅಗತ್ಯಕ್ಕೆ ಬಂದು ಉಳಿದುಕೊಂಡದ್ದು. ಹಾಗೆ ಬಂದದ್ದನ್ನು ಬದಲಿಸಲೂಬಹುದು, ಹೊಸದನ್ನು ಸೇರಿಸಲೂಬಹುದು.

ಕ್ಲಬ್ ಕಾರ್ಯದರ್ಶಿ:
22 ಭಾನುವಾರಕ್ಕೆ ಬದಲಾಯಿಸಲು ಸಮಿತಿಯಲ್ಲಿ ಯಾರ ತಕರಾರೂ ಇಲ್ಲ. ಈದ್ ವಿಷಯ ನಾನೇ ನೋಡಿಕೊಳ್ಳಬೇಕಿತ್ತು, ಕ್ಷಮಿಸಿ. ಎರಡು ಒಲೆಯ ಸಲಹೆಯನ್ನು ಅಡುಗೆಯವರ ಹತ್ತಿರ ಮಾತಾಡುತ್ತೇನೆ. ಒಬ್ಬರು ಫೋನಿನಲ್ಲಿ ಬೀಳ್ಕೊಡುಗೆಗೆ ಬಿಯರ್ ಇಡಬಹುದೇ ಎಂದು ಕೇಳಿದ್ದಾರೆ. ಆಗುವುದಿಲ್ಲ. ಮದ್ಯ ಕೊಡಲು ಕ್ಲಬ್ಬಿಗೆ ಅಬಕಾರಿ ಇಲಾಖೆಯ ಸಿಎಲ್-4 ಲೈಸೆನ್ಸ್ ಬೇಕು, ಒಂದು ದಿನಕ್ಕಾದರೂ ಸಿಎಲ್-5 ಬೇಕು. ಶಿಕ್ಷಣ ಸಂಸ್ಥೆಯಿಂದ ನೂರು ಮೀಟರ್ ಒಳಗೆ ಅಂಗಡಿಗೇ ಲೈಸೆನ್ಸ್ ಕೊಡದ ನಿಯಮ ಇರುವಾಗ ನಾವು ಇರುವುದೇ ಆವರಣದ ಒಳಗೆ. ಆ ವಿಷಯ ಇಲ್ಲಿಗೆ ಬಿಡೋಣ.

ಅತಿಥಿ ಉಪನ್ಯಾಸಕಿ:
ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಸಮಪಾಲಿನ ಮಾತು ಓದಿದ ಮೇಲೆ ಬರೆಯುತ್ತಿದ್ದೇನೆ.

ಎಂಟು ವರ್ಷದಿಂದ ಇಲ್ಲಿ ಪಾಠ ಮಾಡುತ್ತಿದ್ದೇನೆ. ಎಂಎ ಎರಡು ಪತ್ರಿಕೆ ನನ್ನವು. ಪ್ರಶ್ನೆಪತ್ರಿಕೆ ತೆಗೆಯುತ್ತೇನೆ, ಉತ್ತರಪತ್ರಿಕೆ ತಿದ್ದುತ್ತೇನೆ, ಮಕ್ಕಳ ಪ್ರವಾಸಕ್ಕೆ ಹೋಗುತ್ತೇನೆ, ವಿಶ್ವವಿದ್ಯಾಲಯದ ಗುಣಮಟ್ಟ ನೋಡುವ ನ್ಯಾಕ್ ತಂಡ ಬಂದಾಗ ರಾತ್ರಿ ಹತ್ತರವರೆಗೆ ಕಡತ ಜೋಡಿಸಿದ್ದೇನೆ. ಹೋದ ವರ್ಷ ಮೌಲ್ಯಮಾಪನದ ಸಮಯದಲ್ಲಿ ಒಂದು ಮಧ್ಯಾಹ್ನ, ಒಂದೇ ಮೇಜಿನಲ್ಲಿ ಪತ್ರಿಕೆ ತಿದ್ದುತ್ತಿದ್ದ ಐವರು ಸಹೋದ್ಯೋಗಿಗಳು ಊಟಕ್ಕೆ ಕ್ಲಬ್ಬಿಗೆ ಹೊರಟರು. ಮಾತಾಡುತ್ತ ನಾನೂ ಜೊತೆಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಸದಸ್ಯತ್ವದ ನಂಬರ್ ಕೇಳಿದ. ಇಲ್ಲ ಎಂದೆ. ಸದಸ್ಯರು ಯಾರಾದರೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು ಮೇಡಂ ಎಂದ. ಅವನ ತಪ್ಪೇನೂ ಇಲ್ಲ, ಅವನ ಕೆಲಸ ಅದು. ನನ್ನ ಜೊತೆಗೆ ಬಂದವರಲ್ಲಿ ಯಾರೂ ಮಾತಾಡಲಿಲ್ಲ. ಒಬ್ಬರು ಆಗಲೇ ತಟ್ಟೆ ಹಿಡಿದಿದ್ದರು, ಒಬ್ಬರು ಮೊಬೈಲ್ ನೋಡುತ್ತ ನಿಂತರು. ನನಗೆ ಹಸಿವಿಲ್ಲ ಎಂದು ಹೇಳಿ ಹೊರಗೆ ಬಂದೆ. ಗೇಟಿನ ಹತ್ತಿರದ ಗಾಡಿಯಲ್ಲಿ ಚಿತ್ರಾನ್ನ ತಿಂದು, ಎರಡು ಗಂಟೆಗೆ ಅದೇ ಮೇಜಿಗೆ ಹೋಗಿ, ಅವರ ಪಕ್ಕದಲ್ಲೇ ಕೂತು ಉಳಿದ ಪತ್ರಿಕೆ ತಿದ್ದಿದೆ.

ಅತಿಥಿ ಉಪನ್ಯಾಸಕರಿಗೆ ತರಗತಿಗೆ 1,500, ತಿಂಗಳಿಗೆ 50,000 ಮೀರದಂತೆ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2019ರಲ್ಲಿ ಹೇಳಿತು. ನಮ್ಮ ಕೈಗೆ ಬರುವುದು ಅದಕ್ಕಿಂತ ಎಷ್ಟು ಕಡಿಮೆ ಎಂಬುದು ನಿಮಗೆಲ್ಲ ಗೊತ್ತು. ರಜೆಯ ತಿಂಗಳಲ್ಲಿ ಅದೂ ಇಲ್ಲ, ಬರುವ ತಿಂಗಳಲ್ಲೂ ತಡವಾಗಿ. ಈಗ ಯುಗಾದಿ ಊಟಕ್ಕೆ ಪ್ರೊಫೆಸರರಿಗೆ 250, ನನಗೆ 450. ಅದೂ ಯಾರಾದರೂ ಕರೆದುಕೊಂಡು ಹೋದರೆ. ಇದಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ, ಪಂಕ್ತಿಭೇದ. ಮಠ ದೇವಸ್ಥಾನಗಳ ಪಂಕ್ತಿಭೇದದ ಬಗ್ಗೆ ನಾವೇ ತರಗತಿಯಲ್ಲಿ ಪಾಠ ಮಾಡುತ್ತೇವೆ.

ನಮ್ಮನ್ನು ಅತಿಥಿ ಎಂದು ಕರೆಯುತ್ತೀರಿ. ಅತಿಥಿಯನ್ನು ಊಟದ ಹೊತ್ತಿಗೆ ಹೊರಗೆ ನಿಲ್ಲಿಸುವ ಮನೆ ಯಾವುದು?

ಖಜಾಂಚಿ:
ಮೇಡಂ, ನಿಮಗಾದ ನೋವು ಅರ್ಥವಾಗುತ್ತದೆ. ಆದರೆ ಲೆಕ್ಕ ಇಡುವವನಾಗಿ ಇನ್ನೊಂದು ಮಗ್ಗುಲು ಹೇಳಲೇಬೇಕು. ನಮ್ಮದು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿದ ಸಂಘ. ಸದಸ್ಯರು ಪ್ರವೇಶ ಶುಲ್ಕ ಕೊಟ್ಟಿದ್ದಾರೆ, ಪ್ರತಿ ತಿಂಗಳ ಸಂಬಳದಲ್ಲಿ 200 ರೂಪಾಯಿ ಮುರಿಯುತ್ತದೆ. ಆ ದುಡ್ಡಿನಿಂದಲೇ ಅಡುಗೆಯವರ ಸಂಬಳ, ಗ್ಯಾಸು, ಪಾತ್ರೆ. 250ಕ್ಕೆ ಬಾಳೆಲೆ ಊಟ ಬರುವುದು ಉಳಿದದ್ದನ್ನು ಸದಸ್ಯರ ನಿಧಿ ತುಂಬುವುದರಿಂದ. 450 ಎಂಬುದು ಶಿಕ್ಷೆಯಲ್ಲ, ಊಟದ ನಿಜವಾದ ಖರ್ಚು. ಊಟದ ಮನೆಯಲ್ಲಿ ಒಮ್ಮೆಗೆ ಕೂರಲು ಅರವತ್ತು ಜನರಿಗೆ ಜಾಗ. ಅತಿಥಿ ಉಪನ್ಯಾಸಕರು ಕಾಯಂ ಅಧ್ಯಾಪಕರಷ್ಟೇ ಇದ್ದಾರೆ. ಎಲ್ಲರಿಗೂ ಬಾಗಿಲು ತೆರೆದರೆ ಮೂವತ್ತು ವರ್ಷ ವಂತಿಗೆ ಕಟ್ಟಿದವರು ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಅದೂ ಅನ್ಯಾಯವೇ ಅಲ್ಲವೇ? ಬೈಲಾ ಬದಲಿಸದೆ ಸಮಿತಿ ಏನನ್ನೂ ಮಾಡಲು ಬರುವುದಿಲ್ಲ.

ಗ್ರಂಥಾಲಯದವನು:
ಖಜಾಂಚಿಯವರಿಗೆ ಗೌರವದಿಂದ. ಕಟ್ಟಡ ವಿಶ್ವವಿದ್ಯಾಲಯದ್ದು. ನೀರು, ಕರೆಂಟು ವಿಶ್ವವಿದ್ಯಾಲಯದ್ದು. ಅಂಗಳ ಗುಡಿಸುವವರ ಸಂಬಳವೂ ವಿಶ್ವವಿದ್ಯಾಲಯದ್ದು. ಅದನ್ನೂ ಲೆಕ್ಕಕ್ಕೆ ಸೇರಿಸಿ. ಬೋಧಕೇತರರಾದ ನಮ್ಮನ್ನು ಯಾರೂ ಇನ್ನೂ ಹೆಸರಿಸಿಲ್ಲ, ಆದ್ದರಿಂದ ನಾನೇ ಹೆಸರಿಸುತ್ತಿದ್ದೇನೆ.

ಮಂಡ್ಯದವಳು:
ಆ ದಿನ ಮೊಬೈಲ್ ನೋಡುತ್ತ ನಿಂತವಳು ನಾನು.

ಅವರು ಹೆಸರು ಹೇಳಲಿಲ್ಲ, ಆದರೆ ನನಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿದೆ. ಮೊಬೈಲಿನಲ್ಲಿ ಏನೂ ಇರಲಿಲ್ಲ. ಸಹಿ ಹಾಕಿದರೆ ಅವರ ಊಟದ ಹೆಚ್ಚಿನ ದುಡ್ಡು ನನ್ನ ಖಾತೆಗೆ ಬರುತ್ತದೆಂದೂ ಅಲ್ಲ. ಉಳಿದ ನಾಲ್ವರೂ ನನಗಿಂತ ಹಿರಿಯರು, ಅವರು ಸುಮ್ಮನಿರುವಾಗ ನಾನು ಮುಂದೆ ಹೋಗಿ ಸಹಿ ಹಾಕುವುದೇ ಎಂದು ಹಿಂಜರಿದೆ. ಒಂದು ಸಹಿಯ ಕೆಲಸ ಅದು. ಸಂಜೆ ಅವರ ಹತ್ತಿರ ಮಾತಾಡಬೇಕು ಎಂದುಕೊಂಡೆ, ಮಾತಾಡಲಿಲ್ಲ. ಇಲ್ಲಿ ಗುಡ್ಡೆ ಮಾಂಸದ ಸಮಪಾಲಿನ ಬಗ್ಗೆ ಅಷ್ಟುದ್ದ ಬರೆಯುವಾಗಲೂ ಅದು ನನಗೆ ನೆನಪಾಗಲಿಲ್ಲ. ಎಲ್ಲರ ಮುಂದೆ ನಡೆದದ್ದು, ಎಲ್ಲರ ಮುಂದೆಯೇ ಕ್ಷಮೆ ಕೇಳುತ್ತೇನೆ.

ಬರ್ಕ್ಲಿಯಲ್ಲಿರುವ ಹಳೇ ವಿದ್ಯಾರ್ಥಿ:
ಇಲ್ಲಿ ಬರ್ಕ್ಲಿಯ ಅಧ್ಯಾಪಕರ ಕ್ಲಬ್ಬಿನ ಕಥೆ ಹೇಳಲೇಬೇಕು ಎನ್ನಿಸುತ್ತಿದೆ. ಬರ್ನಾರ್ಡ್ ಮೇಬೆಕ್ ಎಂಬ ವಾಸ್ತುಶಿಲ್ಪಿ 1902ರಲ್ಲಿ ಕಟ್ಟಿದ್ದು. ಸ್ಟ್ರಾಬೆರಿ ಹಳ್ಳದ ಪಕ್ಕ, ಮರಗಳ ನಡುವೆ. ಒಳಗೆ ದೊಡ್ಡ ಮರದ ಹಜಾರ, ತೊಲೆಗಳ ತುದಿಯಲ್ಲಿ ಕೆತ್ತಿದ ಡ್ರ್ಯಾಗನ್ ತಲೆಗಳು. ನೋಡಿದವರು ಮರೆಯಲಾಗದ ಜಾಗ. ಆದರೆ ಅದನ್ನು ಕಟ್ಟಿದ್ದು ಗಂಡಸರಿಗೆ. ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಹೆಂಗಸರಿಗೆ ಸದಸ್ಯತ್ವ ಇರಲಿಲ್ಲ. ಅವರು 1919ರಲ್ಲಿ ತಮ್ಮದೇ ಸಂಘ ಮಾಡಿಕೊಂಡು, 1923ರಲ್ಲಿ ಹತ್ತಿರದಲ್ಲೇ ತಮ್ಮದೇ ಕಟ್ಟಡ ಎಬ್ಬಿಸಿದರು. ಅದು ಈಗಲೂ ಇದೆ, ಮಹಿಳಾ ಅಧ್ಯಾಪಕರ ಕ್ಲಬ್ ಎಂಬ ಹೆಸರಿನಲ್ಲೇ. ನಾನು ದಿನಾ ಆ ಎರಡೂ ಕಟ್ಟಡಗಳ ನಡುವಿನ ದಾರಿಯಲ್ಲಿ ನಡೆಯುತ್ತೇನೆ. ಎರಡೂ ಚೆಂದ. ಆದರೆ ಒಂದು ಕಡೆ ಉಣ್ಣಬೇಕಾಗಿದ್ದವರು ಎರಡು ಮನೆ ಕಟ್ಟಿಕೊಂಡರಲ್ಲ ಎಂದು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಈಗ ಇಲ್ಲಿ ಹೆಂಗಸರೂ ಸದಸ್ಯರು, ಬೋಧಕೇತರ ಸಿಬ್ಬಂದಿಗೂ ಸದಸ್ಯತ್ವ ಉಂಟು. ಖಜಾಂಚಿ ಸರ್ ಹೇಳಿದ ಜಾಗದ ಕಷ್ಟ ನಿಜವೇ. ಆದರೆ ಬಾಗಿಲು ತೆರೆದದ್ದಕ್ಕೆ ಯಾವ ಕ್ಲಬ್ಬೂ ಮುಚ್ಚಿಹೋಗಲಿಲ್ಲ, ಊಟಕ್ಕೆ ಬರುವವರು ಹೆಚ್ಚಿದರೆ ಅಡುಗೆಮನೆಗೇ ಲಾಭ. ಬರ್ಕ್ಲಿಯ ಹೆಂಗಸರು ಹೇಗೋ ದುಡ್ಡು ಹೊಂದಿಸಿ ಮನೆ ಕಟ್ಟಿಕೊಂಡರು. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಬೇಕಾದ ಅತಿಥಿ ಉಪನ್ಯಾಸಕರು ಯಾವ ಕಟ್ಟಡ ಕಟ್ಟಿಕೊಳ್ಳಬೇಕು?

ರಸಾಯನಶಾಸ್ತ್ರದಿಂದ:
ನನ್ನ ಸ್ವಂತ ವಿಚಾರ ಹೇಳುತ್ತೇನೆ. ನಾನು ಇಲ್ಲಿ ಸೇರಿದ ಮೊದಲ ವರ್ಷ ಯಾರ ಪರಿಚಯವೂ ಇರಲಿಲ್ಲ. ಕ್ಲಬ್ಬಿನ ಮಧ್ಯಾಹ್ನದ ಊಟದಲ್ಲಿ ಭೌತಶಾಸ್ತ್ರದ ಒಬ್ಬರ ಎದುರು ಕೂತೆ. ಮಜ್ಜಿಗೆ ಕುಡಿಯುವಷ್ಟರಲ್ಲಿ ಅವರ ಪ್ರಯೋಗಾಲಯದಲ್ಲಿ ಒಂದು ಉಪಕರಣ ಸುಮ್ಮನೆ ಬಿದ್ದಿದೆ ಎಂದು ತಿಳಿಯಿತು. ನನ್ನ ಮೊದಲ ಮೂರು ಪ್ರಬಂಧಗಳು ಅದರಿಂದ ಬಂದವು. ಅದು ಯಾವ ಸಭೆಯಲ್ಲೂ ನಡೆಯುವ ಮಾತಲ್ಲ. ಪಲ್ಯ ಆ ಕಡೆ ದಾಟಿಸುವಾಗ ಆಗುವ ಮಾತು. ನಮ್ಮ ವಿದ್ಯಾರ್ಥಿಗಳಿಗೆ ಅರ್ಧದಷ್ಟು ಪಾಠ ಮಾಡುವವರು ಆ ಮೇಜಿನಲ್ಲಿ ಇಲ್ಲ ಎಂದರೆ ನಷ್ಟ ಅವರಿಗೆ ಮಾತ್ರ ಆಗುವುದಿಲ್ಲ.

ಖಜಾಂಚಿ:
ಹಾಗಾದರೆ ಒಂದು ದಾರಿ ಇದೆ. ಸಹ ಸದಸ್ಯತ್ವ ಎಂದು ಮಾಡೋಣ. ಪ್ರವೇಶ ಶುಲ್ಕ ಬೇಡ, ತಿಂಗಳಿಗೆ 50 ರೂಪಾಯಿ. ಮತದಾನದ ಹಕ್ಕು ಇರುವುದಿಲ್ಲ, ಊಟ ಸದಸ್ಯರ ದರಕ್ಕೇ.

ಅತಿಥಿ ಉಪನ್ಯಾಸಕಿ:
ಸರ್, ನಿಮ್ಮ ಸಲಹೆ ಒಳ್ಳೆಯ ಮನಸ್ಸಿನದು ಎಂದು ಗೊತ್ತು. ಎರಡು ವಿಷಯ ಗಮನಿಸಿ. ನಮ್ಮ ನೇಮಕದ ಆದೇಶ ಒಂದು ವರ್ಷದ್ದು, ನಡುವೆ ಎರಡು ತಿಂಗಳು ನಾವು ಯಾರೂ ಅಲ್ಲ. ಆ ಎರಡು ತಿಂಗಳಲ್ಲಿ ಸದಸ್ಯತ್ವ ಕಡಿಯುವುದಾದರೆ ಪ್ರತಿ ವರ್ಷ ಹೊಸದಾಗಿ ಬಾಗಿಲು ತಟ್ಟಬೇಕು. ಎರಡನೆಯದು, ಬೇರೆ ಬಣ್ಣದ ಟೋಕನ್, ಬೇರೆ ರಿಜಿಸ್ಟರ್ ಮಾಡಬೇಡಿ. ಎಂಟು ವರ್ಷ ಬೇರೆ ಬಣ್ಣದ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ್ದೇನೆ. ಊಟದ ಹತ್ತಿರವೂ ಅದು ಬೇಡ. 50 ಆದರೂ ಸರಿ, 100 ಆದರೂ ಕೊಡುತ್ತೇನೆ.

ಮಂಡ್ಯದವರೇ, ನಿಮ್ಮ ಮಾತು ಓದಿದೆ. ಆ ದಿನ ನೀವು ಎಂದು ನನಗೂ ನೆನಪಿತ್ತು. ಬರೆಯಬಾರದು ಎಂದು ಬರೆದಿರಲಿಲ್ಲ. ನಾಳೆ ವಿಭಾಗದಲ್ಲಿ ಸಿಗೋಣ.

ಗಣಿತದ ಮೇಷ್ಟ್ರು:
ನಾನೂ ಒಂದು ವಿಷಯ ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷ ಈ ಕ್ಲಬ್ಬಿನಲ್ಲಿ ಉಂಡಿದ್ದೇನೆ. ಬಡಿಸುವವರು, ಅಡುಗೆಯವರು, ಎಲೆ ತೆಗೆಯುವವರು ನಾವು ಎದ್ದ ಮೇಲೆ, ಮೂರು ನಾಲ್ಕು ಗಂಟೆಗೆ ಅಡುಗೆಮನೆಯ ಹಿಂದೆ ಕೂತು ಉಣ್ಣುವುದನ್ನು ನೋಡಿದ್ದೇನೆ. ತಣ್ಣಗಾದ ಅನ್ನ, ತಳದಲ್ಲಿ ಉಳಿದ ಸಾರು. ನನಗೆ ಹಂಚಿನಿಂದ ಎಲೆಗೆ ಬರಬೇಕು ಎಂದು ಮೇಲೆ ಕೇಳಿದ್ದೇನಲ್ಲ, ಆ ಒಬ್ಬಟ್ಟನ್ನು ತಟ್ಟುವವರಿಗೆ ಬಿಸಿಯದು ಸಿಗುವುದೇ ಇಲ್ಲ.

ನನ್ನ ಕೋರಿಕೆ ಹೀಗಿದೆ. 22ರಂದು ಎರಡು ಪಂಕ್ತಿ ಹಾಕಿ. ಮೊದಲ ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಲಿ, ಕಾಯಂ, ಅತಿಥಿ, ಗ್ರಂಥಾಲಯ, ಕಚೇರಿ, ಸಂಶೋಧನಾ ವಿದ್ಯಾರ್ಥಿಗಳು. ಎರಡನೇ ಪಂಕ್ತಿಯಲ್ಲಿ ಅಡುಗೆಯವರು, ಬಡಿಸಿದವರು, ತೋಟದವರು, ಅವರ ಮನೆಯವರು. ಆಗ ನಾವು ಬಡಿಸೋಣ. ನಾನು ತುಪ್ಪ ಹಿಡಿಯುತ್ತೇನೆ. ಬಾಡಿನ ಒಲೆ ಆಚೆ ಇರಲಿ, ನನ್ನ ತಕರಾರಿಲ್ಲ. ಗಾಳಿ ಪಶ್ಚಿಮದಿಂದ ಬರುತ್ತದೆ, ಆದ್ದರಿಂದ ಬ್ಯಾಡ್ಮಿಂಟನ್ ಅಂಗಳದ ಪೂರ್ವದ ಮೂಲೆಯಲ್ಲಿ ಇಟ್ಟರೆ ನನಗೆ ಸಾಕು. ಊಟಕ್ಕೆ ಎಲ್ಲರಿಗೂ ಒಂದೇ ದರ ಇರಲಿ. ಕಡಿಮೆ ಬಿದ್ದರೆ ನನ್ನ ಬೀಳ್ಕೊಡುಗೆಯ ಶಾಲು, ಹಾರ, ನೆನಪಿನ ಕಾಣಿಕೆಯ ಖರ್ಚನ್ನು ಇದಕ್ಕೆ ಹಾಕಿ. ಉಳಿದಿಬ್ಬರನ್ನು ನಾನೇ ಕೇಳಿದ್ದೇನೆ, ಅವರೂ ಒಪ್ಪಿದ್ದಾರೆ.

ಗ್ರಂಥಾಲಯದವನು:
ಮೇಷ್ಟ್ರೇ, ಎಲೆ ಹಾಕುವ ಕೆಲಸ ನಮಗೆ ಬಿಡಿ.

ಮಂಡ್ಯದವಳು:
ಇನ್ನೊಂದು ಚಿಕ್ಕ ವಿಷಯ, ಮರೆಯುವ ಮೊದಲು. 8ರ ಮಹಿಳಾ ದಿನದ ಚಹಾಕೂಟ. ಹೋದ ಎರಡು ವರ್ಷವೂ ತಿಂಡಿ ತಂದವರು ಹೆಂಗಸರು, ಲೋಟ ಜೋಡಿಸಿದವರು ಹೆಂಗಸರು, ಭಾಷಣ ಮಾಡಿದವರು ಮೂವರು ಗಂಡಸರು. ಈ ಸಲ ಚಹಾ ಗಂಡಸರು ಮಾಡಲಿ. ಭಾಷಣ ಬೇಡ. ಅಡುಗೆಮನೆಯಲ್ಲಿ ಇಪ್ಪತ್ತು ವರ್ಷದಿಂದ ಕೆಲಸ ಮಾಡುತ್ತಿರುವ ಅಮ್ಮ ಒಬ್ಬರಿದ್ದಾರಲ್ಲ, ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ ಮಾತಾಡಿಸೋಣ, ಅವರಿಗೆ ಇಷ್ಟವಿದ್ದರೆ.

ರಸಾಯನಶಾಸ್ತ್ರದಿಂದ:
ಚಹಾ ನನ್ನ ಜವಾಬ್ದಾರಿ. ಉಪವಾಸದ ತಿಂಗಳು, ನಾನು ಕುಡಿಯುವುದು ಸೂರ್ಯ ಮುಳುಗಿದ ಮೇಲೆ. ಐದಕ್ಕೆ ಬದಲು ಆರೂವರೆಗೆ ಶುರು ಮಾಡಿದರೆ ನಾವು ನಾಲ್ಕೈದು ಜನ ಖರ್ಜೂರ ತರುತ್ತೇವೆ, ಎಲ್ಲರೂ ಒಟ್ಟಿಗೇ ಕುಡಿಯಬಹುದು.

ಖಜಾಂಚಿ:
ಊಟದ ಲೆಕ್ಕ ಮತ್ತೆ ಹಾಕಿದೆ. ಒಬ್ಬಟ್ಟು ಇಲ್ಲೇ ಮಾಡಿ, ಎಲೆ, ತೆಂಗಿನಕಾಯಿ, ಮಾವಿನಕಾಯಿಯನ್ನು ಮಾರುಕಟ್ಟೆಯಿಂದ ನಾವೇ ತಂದರೆ ಎಲ್ಲರಿಗೂ 300ರ ಒಂದೇ ದರದಲ್ಲಿ ಸರಿಹೋಗುತ್ತದೆ. ಅಡುಗೆಯವರು ಮತ್ತು ಅವರ ಮನೆಯವರ ಊಟಕ್ಕೆ ದರವಿಲ್ಲ. ಬಾಡಿನ ಖರ್ಚನ್ನು ತಿನ್ನುವವರು ಬೇರೆಯಾಗಿ ಹಂಚಿಕೊಳ್ಳಬೇಕು, ಅದು ನಿಧಿಯ ಮೇಲೆ ಬೀಳಬಾರದು. ಸದಸ್ಯತ್ವದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಮತದಾನದ ಹಕ್ಕು ಕೊಡುವುದನ್ನು ಸಭೆಯಲ್ಲಿ ವಿರೋಧಿಸುತ್ತೇನೆ. ಒಂದು ದಿನದ ಊಟ ಬೇರೆ, ಸಂಘದ ಆಸ್ತಿ ಬೇರೆ. ಇದನ್ನು ಈಗಲೇ ಹೇಳಿಬಿಡುವುದು ಪ್ರಾಮಾಣಿಕ.

ಮಂಡ್ಯದವಳು:
ಬಾಡಿನ ಚೀಟಿ ನಾನು ಬರೆಯುತ್ತೇನೆ. ಪಾಲು ಬೇಕಾದವರು ಶುಕ್ರವಾರದೊಳಗೆ ಹೇಳಿ.

ಕ್ಲಬ್ ಕಾರ್ಯದರ್ಶಿ:
ಇಂದು ಸಂಜೆ ಸಮಿತಿ ಕೂತಿತ್ತು. ಚಹಾಕೂಟ 8ರಂದೇ, ಸಂಜೆ 6.30ಕ್ಕೆ. ಯುಗಾದಿ ಊಟ 22, ಭಾನುವಾರ. ಮೊದಲ ಪಂಕ್ತಿ 12.30ಕ್ಕೆ, ಎರಡನೆಯದು 2ಕ್ಕೆ. ಎಲ್ಲರಿಗೂ 300, ಯಾರೂ ಯಾರ ಜೊತೆಗೂ ಬರಬೇಕಾಗಿಲ್ಲ, ರಿಜಿಸ್ಟರ್ ಇರುವುದಿಲ್ಲ. ಬಾಡಿನ ಒಲೆ ಪೂರ್ವದ ಮೂಲೆಗೆ. ತೊಗರಿ ಒಬ್ಬಟ್ಟು, ಕಡಲೆಬೇಳೆ ಹೋಳಿಗೆ ಎರಡೂ ಇರುತ್ತವೆ. ಹೋಳಿಗೆಯ ಹೂರಣ ನೋಡಿಕೊಳ್ಳಲು ಕೊಪ್ಪಳದವರು ಬೆಳಿಗ್ಗೆ ಬರಬೇಕು. ಬೀಳ್ಕೊಡುಗೆ 30ರಂದು ಕಾಫಿ, ಮಾತು ಮಾತ್ರ.

ಮೌಲ್ಯಮಾಪನದ ದಿನಗಳ ಊಟಕ್ಕೆ ಪತ್ರಿಕೆ ತಿದ್ದಲು ಬರುವ ಎಲ್ಲರಿಗೂ ಪ್ರವೇಶ, ಸದಸ್ಯರ ದರಕ್ಕೇ. ಇದಕ್ಕೆ ಬೈಲಾ ಅಡ್ಡಬರುವುದಿಲ್ಲ ಎಂದು ನೋಡಿಕೊಂಡೆ. ಸದಸ್ಯತ್ವದ ಪ್ರಶ್ನೆಯನ್ನು ಸಮಿತಿ ತೀರ್ಮಾನಿಸುವಂತಿಲ್ಲ, ವಿಶೇಷ ಸರ್ವಸದಸ್ಯರ ಸಭೆ ಕರೆಯಬೇಕು.

ಅತಿಥಿ ಉಪನ್ಯಾಸಕಿ:
ನಮ್ಮ ವಿಭಾಗದಿಂದ ಅತಿಥಿ ಉಪನ್ಯಾಸಕರು ನಾಲ್ವರು ಬರುತ್ತೇವೆ. ಒಬ್ಬರಿಗೆ ಬೆಳ್ಳುಳ್ಳಿ ಆಗುವುದಿಲ್ಲ. ಸರ್ವಸದಸ್ಯರ ಸಭೆಯ ದಿನಾಂಕವನ್ನೂ ದಯವಿಟ್ಟು ಇಲ್ಲೇ ಹಾಕಿ. ಒಳಗೆ ಕೂರಲು ನಮಗೆ ಹಕ್ಕಿಲ್ಲದಿದ್ದರೂ ಆ ದಿನ ಕ್ಲಬ್ಬಿನ ಜಗಲಿಯಲ್ಲಿ ಇರುತ್ತೇವೆ.

ಕ್ಲಬ್ ಕಾರ್ಯದರ್ಶಿ:
ಏಪ್ರಿಲ್ 11, ಎರಡನೇ ಶನಿವಾರ, ಬೆಳಿಗ್ಗೆ 11ಕ್ಕೆ. ನೋಟಿಸ್ ನಾಳೆ ಹಾಕುತ್ತೇನೆ. ಜಗಲಿಗೆ ಕುರ್ಚಿ ಹಾಕಿಸುತ್ತೇನೆ.

ಕೊಪ್ಪಳದವ:
ಹೂರಣಕ್ಕ ಮುಂಜಾನೆ ಆರಕ್ಕ ಬರ್ತೀನ್ರಿ. ಬೇವಿನ ಹೂವಿನ ಚಿಂತಿ ಬ್ಯಾಡ, ಹಾಸ್ಟೆಲ್ ಹಿಂದಿನ ಗಿಡ ಈಗ ತುಂಬ ಹೂ ಬಿಟ್ಟೈತಿ. ಹಿಂದಿನ ದಿನ ಕೆಳಗ ಧೋತ್ರ ಹಾಸಿ ಉದುರಿಸ್ಕೊಂಡು ಬರ್ತೀವಿ. ದೊಡ್ಡ ಕೊಡಪಾನ ಎರಡು ಬೇಕು, ವಾಟಗಾ ಎಷ್ಟು ಅದಾವ ನೋಡಿ ಹೇಳ್ರಿ.